ಸೀಗೆಹೊಳೆಗೆ ಬಿಟ್ಟ ಬಾಗಿನ

"ನಮ್ಮ ಕೆರೆ ಯಾರ ಮುಂದೆಯೂ ಕೈಯೊಡ್ಡುವುದಿಲ್ಲ!" ಎಂದು ವೀರಮಲ್ಲನಾಯಕ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ. "ಯಃಕಶ್ಚಿತ್ ಸೀಗೆಹೊಳೆ ಬಂದು ಅದನ್ನು ತುಂಬಿಸುತ್ತದಂತೆ. ಶಾಸ್ತ್ರಿಗಳೇ, ನಿಜವೇನು?"

ಗುರುಪಾದಶಾಸ್ತ್ರಿಗಳು ಆಗಲೇ ನಕ್ಷೆ ಬಿಡಿಸಿಟ್ಟಿದ್ದರು. ಹೊಗಳುವುದಕ್ಕೆ ಅವರು ಯಾವತ್ತೂ ತಡಮಾಡಿದವರಲ್ಲ. "ಹೊಳೆ ಹುಟ್ಟುವುದೇ ಪ್ರಭುಗಳ ಕೆರೆಯಲ್ಲಿ. ಇಲ್ಲಿಂದ ಹೊರಟು, ಬಿದಿರೂರು ದಾಟಿ, ಬೆಟ್ಟ ಹತ್ತುತ್ತದೆ."

"ಹಾಗಾದರೆ ಬಿದಿರೂರಿನವರು ಬಳಸುತ್ತಿರುವುದು ನಮ್ಮ ನೀರು! ಕಳ್ಳರು! ಅವರ ಕಾಲುವೆಯ ಬಾಯಿಗೆ ಕಲ್ಲು ಹಾಕಿಸಿ!"

ಬಾಗಿಲಲ್ಲಿ ನಿಂತಿದ್ದ ಬಿದಿರೂರಿನ ಗೌಡ ಕರಿಯಣ್ಣ ಕೈಮುಗಿದು ಮುಂದೆ ಬಂದ. "ಬುದ್ಧೀ, ಭತ್ತ ತೆನೆ ಕಟ್ಟೋ ಹೊತ್ತು. ಈಗ ನೀರು ನಿಂತ್ರೆ ಊರಿಗೂರೇ ಉಪವಾಸ ಬೀಳ್ತದೆ."

ಒಬ್ಬರೂ ಅವನತ್ತ ತಿರುಗಲಿಲ್ಲ. ಮಂತ್ರಿ ಬೊಮ್ಮರಸನಿಗೆ ಮೈಯೆಲ್ಲ ಉರಿಯಿತು. ಇಷ್ಟೊಂದು ಪೇಟಗಳಿವೆ, ಒಂದರ ಕೆಳಗಾದರೂ ತಲೆ ಇರಬಾರದೇ ಎಂದುಕೊಂಡ. ಆದರೂ ಮುಖಕ್ಕೆ ಭಕ್ತಿ ತಂದುಕೊಂಡು ಎದ್ದ.

"ಪ್ರಭುಗಳ ಅಪ್ಪಣೆಗೆ ಎದುರಿದೆಯೇ? ಹೇಗೂ ಕೆರೆ ತುಂಬಿದೆ, ನಾಳೆ ಬಾಗಿನ ಬಿಡಬೇಕು. ಈ ಸಲ ಹೊಳೆ ಹುಟ್ಟುತ್ತದಲ್ಲ, ಆ ಜಾಗದಲ್ಲೇ ಬಿಡೋಣ. ನಿಮ್ಮ ನೀರೇ ಅದನ್ನು ಬಿದಿರೂರಿಗೆ ಒಯ್ಯಲಿ. ಅಲ್ಲಿ ಮುಟ್ಟಿದ ಕೂಡಲೇ ಕಲ್ಲು ಹಾಕಿಸೋಣ."

"ಭೇಷ್!" ಎಂದ ನಾಯಕ. ಶಾಸ್ತ್ರಿಗಳು ಮಾತ್ರ ಬೆವರತೊಡಗಿದರು.

ಮರುದಿನ ಹೊಳೆಯೂ ಕೆರೆಯೂ ಕೂಡುವಲ್ಲಿ ಊರೆಲ್ಲ ದಂಡೆಯ ಮೇಲೆ ನೆರೆಯಿತು. ನಾಯಕ ಮೊಣಕಾಲುದ್ದ ನೀರಿಗಿಳಿದು, ಅರಿಸಿನ ಕುಂಕುಮ ಬಳೆ ತುಂಬಿದ ಮೊರವನ್ನು ಹೊಳೆಯ ಕಡೆಗೆ ತೇಲಿಬಿಟ್ಟ. ಮೊರ ಒಂದು ಸುತ್ತು ತಿರುಗಿ ಅವನ ಮೊಣಕಾಲಿಗೇ ಬಂದು ಬಡಿಯಿತು. ಜೋರಾಗಿ ನೂಕಿದ. ಅಷ್ಟೇ ಜೋರಾಗಿ ವಾಪಸು ಬಂತು.

"ಗಾಳಿ, ಪ್ರಭು, ಎದುರುಗಾಳಿ," ಎಂದು ಶಾಸ್ತ್ರಿಗಳು ತೊದಲಿದರು. ದಂಡೆಯ ಮರಗಳಲ್ಲಿ ಒಂದೆಲೆಯೂ ಅಲುಗುತ್ತಿರಲಿಲ್ಲ. ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು.

ನಾಯಕನ ಮುಖ ಕೆಂಪಾಯಿತು. "ಬೊಮ್ಮರಸ! ಏನಿದು? ಇದು ಮೇಲಕ್ಕೆ ಯಾಕೆ ಹೋಗುತ್ತಿಲ್ಲ?"

"ಈ ರಾಜ್ಯದಲ್ಲಿ ಕೆಳಗಿನಿಂದ ಮೇಲಕ್ಕೆ ಹರಿಯುವುದು ಹೊಗಳಿಕೆ ಒಂದೇ, ಪ್ರಭು. ಕಲ್ಲು ಹಾಕಿಸುವುದೇ ಆದರೆ ಅದಕ್ಕೆ ಹಾಕಿಸಿ."

ನಾಯಕ ಒಂದು ಗಳಿಗೆ ದುರುಗುಟ್ಟಿ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಕರಿಯಣ್ಣ, ನಿನ್ನ ಕಾಲುವೆ ನಿನಗೇ ಇರಲಿ, ಊರಿಗೆ ನಡಿ. ಶಾಸ್ತ್ರಿಗಳೇ, ಆ ಮೊರ ತಲೆಯ ಮೇಲೆ ಹೊತ್ತುಕೊಂಡು ಅವನ ಹಿಂದೆ ಹೊರಡಿ. ಹೊಳೆ ಬೆಟ್ಟ ಹತ್ತುವುದು ಕಂಡರೆ ಬಂದು ಹೇಳಿ. ಕಾಣದಿದ್ದರೆ ಬರಲೇಬೇಡಿ."