ಭಾವನವರ ಎರಡಿಂಚಿನ ವಾಲ್ವ್

ಮರುದಿನ ಮಗಳ ಸೀಮಂತ, ಟ್ಯಾಂಕಿನಲ್ಲಿ ಹನಿ ನೀರಿಲ್ಲ. ಬಾವಿ ಪಂಪಿನ ವಾಲ್ವ್ ಒಡೆದಿತ್ತು. ಪಂಪಿನ ಬಾಯಿ ಒಂದಿಂಚು ಎಂದು ನನ್ನ ಮನೆಲೆಕ್ಕದ ಪುಸ್ತಕದಲ್ಲಿ ಬರೆದದ್ದನ್ನು ತೋರಿಸಿದೆ. ಯಜಮಾನರ ಅಣ್ಣ ಶ್ರೀಪತಿ ಭಾವ ಕೇಳಲಿಲ್ಲ. ಎರಡಿಂಚಿನ ಹಿತ್ತಾಳೆ ವಾಲ್ವ್ ತಂದು ಪ್ಲಂಬರ್ ಲೋಕಯ್ಯನ ಮುಂದಿಟ್ಟರು.

"ಪಕ್ಕದ ಪಿಂಟೋರದು ಒಂದೂವರೆ. ನಮಗೆ ಎರಡೇ ಆಗಬೇಕು. ಹಾಕ್ತೀಯೋ, ಬೇರೆಯವನನ್ನು ಕರೆಸಲೋ?"

"ಹಾಕ್ತೇನೆ" ಎಂದ ಲೋಕಯ್ಯ. ಭಾವ ಊಟಕ್ಕೆ ಹೋದಾಗ ಪಂಪಿಗೆ ಒಂದಿಂಚಿನದನ್ನೇ ಕೂರಿಸಿದ. ದೊಡ್ಡದನ್ನು ಗೇಟಿನ ಬಳಿ, ಎಲ್ಲಿಗೂ ಸೇರದ ಪೈಪಿನ ತುಂಡೊಂದಕ್ಕೆ ಸಿಕ್ಕಿಸಿ ನಿಲ್ಲಿಸಿದ. ಭಾವ ಊಟ ಮುಗಿಸಿ ಬಂದಾಗ ಹೇಳಿದ:

"ನೀವೇ ತಿರುಗಿಸಿ ಧಣಿಗಳೇ. ಎರಡು ಸುತ್ತು ದಾಟಿಸಬೇಡಿ, ಪಿಂಟೋರ ಬಾವಿ ಬತ್ತೀತು."

ಭಾವ ತಿರುಗಿಸಿದರು. ಲೋಕಯ್ಯ ಸನ್ನೆ ಮಾಡಿದ, ಒಳಗೆ ನಾನು ಸ್ವಿಚ್ ಒತ್ತಿದೆ. ಟ್ಯಾಂಕಿಗೆ ನೀರು ಧುಮುಕಿತು.

ಈಗ ದಿನಾ ಬೆಳಿಗ್ಗೆ ಭಾವ ಬೇಲಿಯ ಬಳಿ ನಿಂತು ಹೇಳುತ್ತಾರೆ: "ಪಿಂಟೋರೇ, ಇವತ್ತೂ ಒಂದೇ ಸುತ್ತು ತಿರುಗಿಸಿದ್ದೇನೆ. ನಿಶ್ಚಿಂತೆಯಿಂದ ಸ್ನಾನ ಮಾಡಿ."