ಗುಗ್ಗುಳದ ಗಿಡ ಸೀರೆ ಉಟ್ಟದ್ದು

ಏಯ್, ಆ ಸಿಪ್ಪೆ ಕೀಳಬೇಡ! ಮೊದಲು ಕೈ ತೆಗಿ. ಬಾ, ಇಲ್ಲಿ ಕೂತ್ಕೋ. ಅದು ಯಾರದ್ದು ಅಂತ ಹೇಳ್ತೀನಿ.

ಭೂಮಿ ಆಗಷ್ಟೇ ಹುಟ್ಟಿತ್ತು. ಬಂಡೆಗಳು ಇನ್ನೂ ಬೆಚ್ಚಗಿದ್ದವು. ಗಿಡ, ಗಾಳಿ, ಮನುಷ್ಯರು ಎಲ್ಲರದ್ದೂ ಒಂದೇ ಭಾಷೆ. ಆಗ ಈ ಗುಗ್ಗುಳದ ಗಿಡಕ್ಕೆ ನುಣ್ಣನೆಯ ಹಸಿರು ಮೈ. ಗೀರಿದರೆ ಘಮ್ಮೆನ್ನುವ ಅಂಟು ಬರುತ್ತಿತ್ತು. ಮಂಡಿನೋವಿಗೆ ಅದೇ ಮದ್ದು, ದೇವರ ಮುಂದೆ ಅದೇ ಧೂಪ.

ಜನ ಸುಮ್ಮನಿರಬೇಕಲ್ಲ! ಜಾಸ್ತಿ ಅಂಟು ಬರಲಿ ಅಂತ ಕೊಡಲಿ ಹಾಕಿದರು. ಏಟು ಬಿದ್ದ ಗಿಡಗಳೆಲ್ಲ ಒಣಗಿದವು. ಕೊನೆಗೆ ಇಡೀ ಗುಡ್ಡದಲ್ಲಿ ಒಂದೇ ಒಂದು ಉಳಿಯಿತು.

ಗಾಳೆವ್ವ ಅಂತ ಒಬ್ಬಳಿದ್ದಳು. ಸಂತೆಯಲ್ಲಿ ಅಂಟು ಮಾರಿಯೇ ಅವಳ ಹೊಟ್ಟೆ ತುಂಬಬೇಕು. ಕುಡುಗೋಲು ಹಿಡಿದು ಆ ಗಿಡದ ಹತ್ತಿರ ಹೋದಳು.

"ಗಾಳೆವ್ವಾ, ನನಗೂ ಏಟು ಬಿದ್ದಿದೆ, ನಾನು ಉಳಿಯೋದಿಲ್ಲ" ಅಂದಿತು ಗಿಡ. "ನಾನು ಹೋದ ಮೇಲೆ ಸಂತೆಗೆ ಏನು ಒಯ್ತೀ?"

ಗಾಳೆವ್ವ ಕುಡುಗೋಲು ಕೆಳಗಿಟ್ಟಳು. "ಏನು ಮಾಡಲೇ ನನ್ನವ್ವಾ?"

"ಐದು ಟೊಂಗೆ ಕೊಯ್ದು ನೆಡು. ಅವು ತೋಳಿನಷ್ಟು ದಪ್ಪ ಆಗೋ ತನಕ ಒಂದು ಹನಿ ಅಂಟೂ ಕೇಳಬೇಡ."

ಗಾಳೆವ್ವ ಹೊಲದ ಬದುವಿನ ಮೇಲೆ ಐದೂ ನೆಟ್ಟಳು. ಆದರೆ ಆ ಪುಣ್ಯಾತ್ಗಿತ್ತಿಗೆ ತಾಳ್ಮೆ ಎಲ್ಲಿತ್ತು? ಬೇರು ಬಂತಾ ಅಂತ ದಿನಾ ಬೆಳಿಗ್ಗೆ ಒಂದೊಂದೇ ಕಿತ್ತು ನೋಡುವಳು, ಮತ್ತೆ ನೆಡುವಳು!

"ಅಯ್ಯೋ ಹುಚ್ಚಿ!" ಗಾಳಿ ನಕ್ಕಿತು. "ಅದೇನು ರೊಟ್ಟಿಯೇ, ಎತ್ತೆತ್ತಿ ನೋಡೋಕೆ?"

ಅಷ್ಟರಲ್ಲಿ ನಾಲ್ಕು ಟೊಂಗೆ ಸತ್ತಿದ್ದವು. ಗುಡ್ಡದ ತಾಯಿಗಿಡವೂ ಒಣಗಿಹೋಗಿತ್ತು. ಲೋಕಕ್ಕೆಲ್ಲ ಇನ್ನು ಉಳಿದ ಆ ಐದನೇ ಟೊಂಗೆಯೊಂದೇ ಗುಗ್ಗುಳ. ಗಾಳೆವ್ವ ಗೋಳೋ ಅಂತ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, "ಇನ್ನು ಇದನ್ನ ಕಿತ್ತು ನೋಡಿದರೆ ನನ್ನಾಣೆ" ಅಂದಳು.

ಮಾಘದ ಚಳಿ ಬಂತು. ಎಳೆಯ ಟೊಂಗೆ ಗಡಗಡ ನಡುಗಿತು. ಗಾಳೆವ್ವ ಇದ್ದೊಂದು ಸೀರೆಯ ಸೆರಗು ಹರಿದು, ಬುಡದಿಂದ ತುದಿಯವರೆಗೆ ಸುತ್ತಿದಳು. ತಾನು ಬರೀ ಬೆನ್ನಲ್ಲಿ ಕೂತಳು.

ಒಂದು ದಿನ ಸಂತೆಯ ವ್ಯಾಪಾರಿ ಬಂದ. "ಒಂದು ಚೀಲ ಜೋಳ ತಗೋ, ಈ ಗಿಡ ಕಡಿದು ಕೊಡು." ಅವಳ ಮನೆಯಲ್ಲಿ ಹಿಡಿ ಜೋಳವಿರಲಿಲ್ಲ.

"ಕೊಡಲ್ಲ ಅಂದರೆ ಕೊಡಲ್ಲ! ನಡಿ!"

ಕೂಲಿ ಮಾಡಿದಳು, ಅಂಬಲಿ ಕುಡಿದಳು, ಕಾದಳು. ಎಂಟು ವರ್ಷ ಕಾದಳು.

ಗಿಡ ತೋಳಿನಷ್ಟು ದಪ್ಪವಾದಾಗ ತಾನೇ ಕರೆಯಿತು. "ಅವ್ವಾ, ಈಗ ಗೀರು. ಉಗುರಿನಷ್ಟೇ ಆಳ."

ಬಂಗಾರದ ಬಣ್ಣದ ಅಂಟು ಒಸರಿತು. ಒಂದು ಹರಳು ಮರಳೂ ಬೆರೆಸದೆ ಗಾಳೆವ್ವ ಅದನ್ನು ಸಂತೆಗೆ ಒಯ್ದಳು. ಅದೇ ವ್ಯಾಪಾರಿ ಓಡಿಬಂದ. ಅವನಿಗೆ ಅಂಟಿನ ಜೊತೆ ಒಂದು ಟೊಂಗೆಯನ್ನೂ ಕೊಟ್ಟಳು. "ನೀನೂ ನೆಡು. ದಿನಾ ಕಿತ್ತು ಮಾತ್ರ ನೋಡಬೇಡಪ್ಪಾ!"

ಮನೆಗೆ ಬಂದು ಗಿಡದ ಬಟ್ಟೆ ಬಿಚ್ಚಲು ಹೋದರೆ, ಗಿಡ ಬಿಡಲೇ ಇಲ್ಲ. "ಇರಲಿ ಬಿಡವ್ವಾ. ನನ್ನ ಮಕ್ಕಳೂ ಇದನ್ನೇ ಉಡಲಿ."

ಅದಕ್ಕೇ ನೋಡು, ಇವತ್ತಿಗೂ ಗುಗ್ಗುಳದ ಮೈಮೇಲೆ ಹಳೇ ಬಟ್ಟೆಯ ಹಾಗೆ ತೆಳ್ಳಗೆ ಸಿಪ್ಪೆ ಏಳುತ್ತದೆ. ನೀನು ಈಗ ಕೀಳೋಕೆ ಹೋದದ್ದು ಗಾಳೆವ್ವನ ಸೆರಗು.