ಮೇಜಿನ ಆಚೆ ಬದಿ

"ಬೇಕಾದ ಹಾಗೆ ಬಾಗುವವನಿಗೆ ಬೆನ್ನೆಲುಬೇ ಇಲ್ಲ" ಎಂದು ಅಂಗಡಿಯಲ್ಲಿದ್ದ ಚೌಕ ಪರದೆಯ ಹಳೆಯ ಲ್ಯಾಪ್‌ಟಾಪ್, ಮಡಚುವ ಪರದೆಯ ಹೊಸದನ್ನು ಹಂಗಿಸಿತು. "ನಾನು ಇಡೀ ಪುಟವನ್ನು ಒಮ್ಮೆಗೇ ತೋರಿಸುತ್ತೇನೆ."

"ಯಾರಿಗೆ?" ಎಂದು ಹೊಸದು ಕೇಳಿತು.

"ಬರೆಯುವವರಿಗೆ. ಇನ್ಯಾರಿಗೆ ಬೇಕು?"

ಅಷ್ಟರಲ್ಲಿ ಅರ್ಜಿ ಬರೆದುಕೊಡುವ ಮಂಗಳಗೌರಿ ಲ್ಯಾಪ್‌ಟಾಪ್ ಕೊಳ್ಳಲು ಬಂದಳು. ಜೊತೆಗೆ ಮುದುಕಿ ತಿಪ್ಪವ್ವ ಇದ್ದಳು. ಅವಳ ರೇಷನ್ ಕಾರ್ಡಿನ ಅರ್ಜಿ ಮೂರು ಸಲ ವಾಪಸಾಗಿತ್ತು. ಮಂಗಳಗೌರಿ ಅದನ್ನೇ ಹಳೆಯದರಲ್ಲಿ ಬರೆದು ನೋಡಿದಳು. ಎದುರಿಗೆ ಕೂತ ತಿಪ್ಪವ್ವನಿಗೆ ಕಂಡದ್ದು ಪರದೆಯ ಬೆನ್ನು ಮಾತ್ರ. ಆಮೇಲೆ ಹೊಸದರಲ್ಲಿ ಬರೆದು, ಪರದೆಯನ್ನು ಹಿಂದಕ್ಕೆ ಮಡಚಿ ಮುದುಕಿಯ ಕಡೆ ನಿಲ್ಲಿಸಿದಳು.

ತಿಪ್ಪವ್ವ ಕನ್ನಡಕ ಏರಿಸಿ ನಿಧಾನವಾಗಿ ಓದಿದಳು. "ತಿಮ್ಮವ್ವ ಅಲ್ಲ ತಾಯಿ, ತಿಪ್ಪವ್ವ. ಮೂರು ಸಲವೂ ಹೀಗೇ ಬರೆದಿದ್ದೆಯಾ?"

ಮಂಗಳಗೌರಿ ಅಕ್ಷರ ತಿದ್ದಿದಳು. ಹೊಸದನ್ನೇ ಕೊಂಡಳು.